ಪರದೇಶಿಯೆಂಬ ಮಾತೂ ಪ್ರವೇಶ-ನಿರ್ಬಂಧದ ಕಾಯದೆಗಳೂ: ಧಾರವಾಡ ಸೀಮೆಯ ಒಂದು ವಿಚಾರ

ಕನ್ನಡ ಶಾಸನಗಳನ್ನು ಓದುವವರಿಗೆ ‘ಪರದೇಶಿ’ ಎಂಬ ಶಬ್ದವು ಹೊಸದಲ್ಲ. ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ವರ್ತಕರ ಸಂಘದ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ವ್ಯಾಪಾರಿಗಳ ಭೇದಗಳನ್ನು ಹೇಳಿರುವದುಂಟು. ಅಲ್ಲಿ ಪರದೇಶಿಯೆಂದರೆ ದೂರದ ನಾಡಿನಿಂದ ಸರಕು ಹೇರಿಕೊಂಡು ಬಂದು ಸಂತೆಯಲ್ಲಿ ಮಾರಿ, ಊರಿನ ಧರ್ಮಕಾರ್ಯಕ್ಕೆ ತನ್ನ ಪಾಲನ್ನು ಸಲ್ಲಿಸಿ, ಶಾಸನದಲ್ಲಿ ಮರ್ಯಾದೆಯ ಸ್ಥಾನವನ್ನು ಪಡೆದವನು. ಅದೇ ಶಬ್ದವು ಧಾರವಾಡ ಸೀಮೆಯ ಆಡುಮಾತಿನಲ್ಲಿ ದಿಕ್ಕಿಲ್ಲದವನು, ತಬ್ಬಲಿ ಎಂಬ ಅರ್ಥಕ್ಕೆ ಇಳಿದಿದೆ. ಈ ಎರಡು ಅರ್ಥಗಳ ಜೊತೆಗೆ ಮೂರನೆಯದೊಂದನ್ನು ಹತ್ತೊಂಬತ್ತನೆಯ ಶತಮಾನದ ಕಾಯದೆಯು ತಂದು ನಿಲ್ಲಿಸಿತು. ಅದರಂತೆ ಪರದೇಶಿಯೆಂದರೆ ಸರಕಾರದ ಅಪ್ಪಣೆಯಿರುವವರೆಗೆ ಮಾತ್ರ ನೆಲದ ಮೇಲೆ ನಿಲ್ಲತಕ್ಕವನು. ಈ ಮೂರನೆಯ ಅರ್ಥವು ಧಾರವಾಡ ಜಿಲ್ಹೆಯ ಹಳ್ಳಿಗಾಡಿನಲ್ಲಿ ಯಾರ ಯಾರ ಮೇಲೆ ಬಿದ್ದಿತು, ಅದರ ಬಗ್ಗೆ ಲೋಕದಲ್ಲಿ ಎಂತಹ ಚರ್ಚೆ ನಡೆಯಿತು, ಆ ಚರ್ಚೆಯಿಂದ ಯಾವ ತತ್ತ್ವವು ಹೊರಬಿದ್ದಿತು ಎಂಬದೇ ಪ್ರಸ್ತುತ ಲೇಖನದ ವಿಷಯ.

ಈ ಸೀಮೆಯು ಬಂದವರಿಂದಲೇ ಬೆಳೆದದ್ದೆಂಬದಕ್ಕೆ ದೂರ ಹುಡುಕಬೇಕಾಗಿಲ್ಲ. ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾಗಿದ್ದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆಯು ಆದಿಕವಿ ಪಂಪನ ತಾಯಿಯೆಂಬದು ಪಂಪನ ತಮ್ಮನಾದ ಜಿನವಲ್ಲಭನು ಕುರ್ಕ್ಯಾಲದ ಬಂಡೆಯಲ್ಲಿ ಬರೆಯಿಸಿದ ಶಾಸನದಿಂದ ತಿಳಿದುಬರುತ್ತದೆ. ಪಂಪನ ತಂದೆಯ ಕಡೆಯ ಹಿರಿಯರಾದರೋ ವೆಂಗಿ ಮಂಡಲದವರು. ಹೀಗೆ ಕನ್ನಡದ ಮೊದಲ ಮಹಾಕವಿಯ ವಂಶದಲ್ಲಿಯೇ ಎರಡು ದೇಶಗಳ ಕೂಟವಿದೆ. ನವಲಗುಂದದ ಜಮಖಾನೆಗಳನ್ನು ನೇಯುವ ಮನೆತನಗಳು ವಿಜಾಪುರದ ಕಡೆಯಿಂದ ಬಂದು ನೆಲೆನಿಂತವೆಂದು ಐತಿಹ್ಯವಿದೆ. ಇವರಲ್ಲಿ ಯಾರಿಗೂ ‘ನಿನ್ನ ರಹದಾರಿಯೆಲ್ಲಿ’ ಎಂದು ಕೇಳಿದ ಕುರುಹು ಶಾಸನಗಳಲ್ಲಾಗಲಿ ಐತಿಹ್ಯದಲ್ಲಾಗಲಿ ಉಳಿದಿಲ್ಲ. ಹಾಗೆಂದು ಹಿಂದಿನ ಕಾಲದಲ್ಲಿ ಸುಂಕದ ಕಟ್ಟೆಗಳೂ ಕಾವಲುಗಳೂ ಇರಲಿಲ್ಲವೆಂದಲ್ಲ. ಅವು ಸರಕನ್ನು ಎಣಿಸುತ್ತಿದ್ದವು; ಮನುಷ್ಯನ ಹುಟ್ಟನ್ನು ದಾಖಲೆ ಮಾಡುವದು ಅವುಗಳ ಮುಖ್ಯ ಕೆಲಸವಾಗಿರಲಿಲ್ಲ.

ಇಂಗ್ಲಿಷರ ಆಳಿಕೆಯಲ್ಲಿ ಧಾರವಾಡ ಜಿಲ್ಹೆಯ ನಕಾಶೆಯು ಒಂದು ಚಿತ್ತಾರದ ಕೌದಿಯಂತಿತ್ತು. ನವಲಗುಂದ, ಕಲಘಟಗಿ, ಅಣ್ಣಿಗೇರಿಗಳು ಖಾಲಸಾ, ಎಂದರೆ ಇಂಗ್ಲಿಷರ ನೇರ ಆಳಿಕೆಯ, ಪ್ರದೇಶಗಳು. ಹುಬ್ಬಳ್ಳಿಯಿಂದ ಕೆಲವೇ ಹರದಾರಿ ದೂರದ ಕುಂದಗೋಳವು ಮಾತ್ರ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿಯು ಸಾಂಗಲಿಯದು; ಲಕ್ಷ್ಮೇಶ್ವರವು ಮೀರಜದ್ದು; ಸವಣೂರಿಗೆ ಅದರದೇ ಆದ ನವಾಬರಿದ್ದರು; ನವಲಗುಂದ-ನರಗುಂದಗಳ ಉತ್ತರಕ್ಕೆ ರಾಮದುರ್ಗ ಸಂಸ್ಥಾನವಿತ್ತು. ಒಂದೇ ಕರಿನೆಲ, ಒಂದೇ ಹತ್ತಿ ಜೋಳ, ಒಂದೇ ಮಾತು, ಒಂದೇ ಬೀಗತನ. ಆದರೆ ಆಳುವ ದೊರೆಗಳು ಬೇರೆ ಬೇರೆ.

ಈ ಗೆರೆಗಳಿಗೆ ಕಾಯದೆಯಲ್ಲಿ ಎಷ್ಟು ಬಲವಿತ್ತೆಂಬದು 1864ನೆಯ ಇಸವಿಯ 3ನೆಯ ಕಾಯದೆಯಾದ ಪರದೇಶಿಗಳ ಕಾಯದೆಯಿಂದ ವ್ಯಕ್ತವಾಗುತ್ತದೆ. ರಾಣಿಯ ಸ್ವಾಭಾವಿಕ ಪ್ರಜೆಯೂ ಅಲ್ಲದ, ಬ್ರಿಟಿಶ ಇಂಡಿಯದ ನಿವಾಸಿಯೂ ಅಲ್ಲದ ಪ್ರತಿಯೊಬ್ಬನೂ ಪರದೇಶಿಯೆಂದು ಅದರ ಮೂಲ ವ್ಯಾಖ್ಯೆಯು ಹೇಳಿತು; ಅಂತಹವನಿಗೆ ಸರಕಾರವು ದೇಶವನ್ನು ಬಿಟ್ಟುಹೋಗೆಂದು ಲೇಖಿ ಹುಕುಮು ಕೊಡಬಹುದಾಗಿತ್ತು. ಈ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ಕುಂದಗೋಳದಲ್ಲಿ ಹುಟ್ಟಿದ ಒಕ್ಕಲಿಗನು ಹುಬ್ಬಳ್ಳಿಯ ಪೇಟೆಗೆ ಹತ್ತಿಯ ಗಾಡಿ ಹೊಡೆದುಕೊಂಡು ಬಂದಾಗ ಪರದೇಶಿಯಾಗುತ್ತಿದ್ದನು! ನಿತ್ಯದ ವ್ಯವಹಾರದಲ್ಲಿ ಒಕ್ಕಲಿಗನ ಮೇಲೆ ಈ ಕತ್ತಿಯನ್ನು ಎತ್ತುವ ಅಗತ್ಯವು ಸರಕಾರಕ್ಕಿರಲಿಲ್ಲ. ಆದರೆ ಒರೆಯಲ್ಲಿದ್ದ ಕತ್ತಿಯೂ ಕತ್ತಿಯೇ. ಯಾರು ಹೊರಗಿನವನೆಂಬದು ಮಾತಿನಿಂದಾಗಲಿ ನಡತೆಯಿಂದಾಗಲಿ ನಿರ್ಧಾರವಾಗದೆ, ಒಪ್ಪಂದಗಳ ಕಾಗದದ ಮೇಲಿನ ಗೆರೆಯಿಂದ ನಿರ್ಧಾರವಾಗತೊಡಗಿತೆಂಬದು ಇಲ್ಲಿ ಗಮನಿಸತಕ್ಕ ಸಂಗತಿ.

ಕತ್ತಿಯು ನಿಜವಾಗಿ ಬಿದ್ದದ್ದು ಗಡಿಯಾಚೆಯವರ ಮೇಲಲ್ಲ, ಯಾವ ಗಡಿಯೊಳಗೂ ನಿಲ್ಲದವರ ಮೇಲೆ. ರೈಲು ಬರುವ ಮೊದಲು ಈ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆ, ಕಾರವಾರಗಳಿಗೆ ಹೋಗುತ್ತಿತ್ತು. ಅಲ್ಲಿಯ ಉಪ್ಪು ಘಟ್ಟವೇರಿ ಬಯಲುಸೀಮೆಗೆ ಬರುತ್ತಿತ್ತು. ಮಲೆನಾಡಿನ ಅಂಚಿನ ಕಲಘಟಗಿಯು ಈ ಹಾದಿಯ ಮೇಲಿನ ಊರು. ಹೇರೆತ್ತುಗಳ ಲಂಬಾಣಿಗರೂ ಕತ್ತೆಗಳ ಮೇಲೆ ಉಪ್ಪು ಕಾಳುಗಳನ್ನು ಸಾಗಿಸುವ ಕೊರವರೂ ಹಳ್ಳಿಗಳಿಗೆ ಬೇಕಾದವರೇ ಆಗಿದ್ದರು. 1880ರ ದಶಕದಲ್ಲಿ ಹುಬ್ಬಳ್ಳಿ ಗದಗುಗಳಿಗೆ ಉಗಿಬಂಡಿಯು ಬಂದಿತು. ಅಣ್ಣಿಗೇರಿ ಕುಂದಗೋಳಗಳಲ್ಲಿ ನಿಲ್ದಾಣಗಳಾದವು. ಹೇರಿನ ವ್ಯಾಪಾರವು ಕುಗ್ಗಿತು. ಕಸಬನ್ನು ಕಳೆದುಕೊಂಡು ತಿರುಗುವವನು ಹಳ್ಳಿಯವನ ಕಣ್ಣಿಗೂ ಪೋಲೀಸನ ಕಣ್ಣಿಗೂ ಸಂಶಯದ ವಸ್ತುವಾದನು.

ಉತ್ತರ ಹಿಂದುಸ್ಥಾನಕ್ಕಾಗಿ 1871ರಲ್ಲಿ ಮಾಡಿದ ಗುನ್ಹೆಗಾರ ಜಾತಿಗಳ ಕಾಯದೆಯು 1911ರ 3ನೆಯ ಕಾಯದೆಯ ಮೂಲಕ ಮುಂಬಯಿ ಇಲಾಖೆಯನ್ನೂ ವ್ಯಾಪಿಸಿತು. 1924ರ 6ನೆಯ ಕಾಯದೆಯು ಅದನ್ನು ಕ್ರೋಢೀಕರಿಸಿತು. ಅದರ ಕ್ರಮವು ಹೀಗಿತ್ತು. ಸರಕಾರವು ಒಂದು ಜನಾಂಗವನ್ನು ಗುನ್ಹೆಗಾರ ಜಾತಿಯೆಂದು ಪ್ರಕಟಿಸುವದು. ಅದರ ಜನರ ಹೆಸರುಗಳನ್ನು ಪಟ್ಟಿಯಲ್ಲಿ ಬರೆಯುವದು. ಬೆರಳ ಗುರುತುಗಳನ್ನು ತೆಗೆದುಕೊಳ್ಳುವದು. ಗೊತ್ತಾದ ವೇಳೆಗೆ ಹಾಜರಿ ಕೊಡಿಸುವದು. ವಾಸಸ್ಥಳವನ್ನು ಗೊತ್ತುಮಾಡಿ, ಅಪ್ಪಣೆಯಿಲ್ಲದೆ ಅದನ್ನು ದಾಟಿದರೆ ಶಿಕ್ಷಿಸುವದು. ಬೇಕೆನಿಸಿದಲ್ಲಿ ಇಡಿಯ ಗುಂಪನ್ನು ವಸಾಹತಿನಲ್ಲಿಡುವದು, ಮಕ್ಕಳನ್ನು ತಾಯಿತಂದೆಗಳಿಂದ ಬೇರ್ಪಡಿಸಿ ಶಾಲೆಗೆ ಸೇರಿಸುವದು. ಗೊತ್ತುಪಡಿಸಿದ ಗುನ್ಹೆಗಳಲ್ಲಿ ಎರಡನೆಯ ಸಲ ಶಿಕ್ಷೆಯಾದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಮೂರನೆಯ ಸಲಕ್ಕೆ ಜೀವಾವಧಿ ಕರಿನೀರು. ಎಲ್ಲಕ್ಕಿಂತ ಗಂಭೀರವಾದ ಕಲಮು ಬೇರೊಂದಿತ್ತು: ಸರಕಾರದ ಪ್ರಕಟಣೆಯು ಸರಿಯೋ ತಪ್ಪೋ ಎಂಬದನ್ನು ಯಾವ ನ್ಯಾಯಾಲಯವೂ ವಿಚಾರಿಸಕೂಡದು.

ಈ ಕಾಯದೆಯಂತೆ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ವಸಾಹತುಗಳಾದವು. ಘಂಟಿಚೋರ, ಹರಣಶಿಕಾರಿ ಮೊದಲಾದ ಜನಾಂಗಗಳು ಪಟ್ಟಿಗೆ ಬಂದವು. ಹುಬ್ಬಳ್ಳಿಯಲ್ಲಿ ಇಂದಿಗೂ ಒಂದು ಭಾಗಕ್ಕೆ ‘ಸೆಟ್ಲಮೆಂಟ’ ಎಂಬ ಹೆಸರು ಉಳಿದಿರುವದು ಆ ಕಾಲದ ಗುರುತು. ವಿಜಾಪುರದಿಂದ ಆರಂಭಿಸಿ ಮುಂಬಯಿ ಇಲಾಖೆಯ ವಸಾಹತುಗಳ ಆಡಳಿತವನ್ನು ರೂಪಿಸಿದವರಲ್ಲಿ ಸ್ಟಾರ್ಟೆ ಎಂಬ ಅಧಿಕಾರಿಯು ಮುಖ್ಯನು. ಕೆಲಸ, ಶಾಲೆ, ಶಿಸ್ತು ಇವುಗಳಿಂದ ಮನುಷ್ಯನನ್ನು ತಿದ್ದಬಹುದು. ತಿದ್ದಿದವನನ್ನು ಮೆಟ್ಟಿಲುಮೆಟ್ಟಿಲಾಗಿ ಬಿಡುಗಡೆ ಮಾಡಬಹುದು ಎಂಬದು ಆತನ ಧೋರಣೆ.

ಕಾಯದೆಯ ಪಕ್ಷದವರ ವಾದವನ್ನು ತಳ್ಳಿಬಿಡುವದು ಇತಿಹಾಸಕಾರನಿಗೆ ಉಚಿತವಲ್ಲ. ಸುಗ್ಗಿಯ ದಿನಗಳಲ್ಲಿ ಕಣದಲ್ಲಿ ಕಾಳು, ಮನೆಯಲ್ಲಿ ಹತ್ತಿಯ ಹಣವಿದ್ದ ಒಕ್ಕಲಿಗನಿಗೆ ಕಳವು ದರೋಡೆಗಳ ಭಯವು ಕಲ್ಪನೆಯದಾಗಿರಲಿಲ್ಲ. ಕಾವಲುಗಾರರು ಕಡಿಮೆ; ಸಂಸ್ಥಾನದ ಗಡಿ ಹತ್ತಿರ; ಗುನ್ಹೆ ಮಾಡಿದವನು ರಾತ್ರಿ ಕಳೆಯುವದರೊಳಗೆ ಬೇರೆ ದೊರೆಯ ನೆಲವನ್ನು ಸೇರಿಕೊಂಡರೆ, 1903ರ ಹಸ್ತಾಂತರ ಕಾಯದೆಯಂತಹ ನಿಧಾನದ ಮಾರ್ಗಗಳಿಂದಲೇ ಅವನನ್ನು ತರಿಸಬೇಕಾಗುತ್ತಿತ್ತು. ಊರಿಗೆ ಬಂದವನಾರು, ಎಲ್ಲಿಂದ ಬಂದ, ಏಕೆ ಬಂದ ಎಂದು ತಿಳಿಯುವ ಹಕ್ಕು ಆಳುವವರಿಗಿರಬೇಕೆಂಬದು ನ್ಯಾಯವಾದ ಮಾತೇ ಸರಿ. ಆದರೆ ಆ ಕಾಯದೆಯು ತಿಳಿಯುವದರಲ್ಲಿ ನಿಲ್ಲಲಿಲ್ಲ. ನೇಕಾರನ ಮಗ ನೇಕಾರನಾಗುವಂತೆ ಗುನ್ಹೆಗಾರನ ಮಗ ಗುನ್ಹೆಗಾರನೇ ಆಗುವನೆಂಬ ತರ್ಕವನ್ನು 1871ರ ಮಸೂದೆಯ ಸಮರ್ಥಕರು ಮುಂದೊಡ್ಡಿದ್ದರು. ಕಳುವು ಮಾಡಿದವನಿಗೂ ಮಾಡದವನಿಗೂ ಹಾಜರಿಯು ಒಂದೇ ಆಯಿತು. ಹೀಗೆ ಮೂರು ಪ್ರಶ್ನೆಗಳು ಎದ್ದವು. ದೋಷವು ಮಾಡಿದ ಕೆಲಸದಲ್ಲಿದೆಯೋ ಹುಟ್ಟಿನಲ್ಲಿದೆಯೋ? ಸಾಬೀತಿನ ಭಾರವು ಸರಕಾರದ ಮೇಲೋ ಆರೋಪಿತನ ಮೇಲೋ? ನ್ಯಾಯಾಲಯದ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ? ಮುಂದಿನ ಚರ್ಚೆಗಳೆಲ್ಲವೂ ಈ ಮೂರು ಪ್ರಶ್ನೆಗಳನ್ನೇ ಸುತ್ತಿಕೊಂಡು ಬಂದಿವೆ.

ಇಲ್ಲಿ ಅದೇ ಕಾಲದ, ಆದರೆ ಸಮುದ್ರದಾಚೆಯ, ಒಂದು ಸಂಗತಿಯನ್ನು ಪಕ್ಕಕ್ಕಿಟ್ಟು ನೋಡುವದು ಅವಶ್ಯ. ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರೆಲ್ಲರೂ ಹೆಸರು ನೊಂದಾಯಿಸಿ, ಬೆರಳ ಗುರುತು ಕೊಟ್ಟು, ಕೇಳಿದಲ್ಲಿ ಕೇಳಿದಾಗ ಪತ್ರವನ್ನು ತೋರಿಸಬೇಕೆಂಬ ಕಟ್ಟಳೆಯು 1906ರಲ್ಲಿ ಹೊರಟು 1907ರಲ್ಲಿ ಕಾಯದೆಯಾಯಿತು. 1906ರ ಸಪ್ಟಂಬರ 11ರಂದು ಜೋಹಾನ್ಸಬರ್ಗಿನ ಸಭೆಯಲ್ಲಿ ಗಾಂಧೀಜಿಯವರೊಡನೆ ನೆರೆದವರು ಅದಕ್ಕೆ ತಲೆಬಾಗೆವೆಂದು ಪ್ರತಿಜ್ಞೆ ಮಾಡಿದರು. 1913ರ ನವಂಬರ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಅಪ್ಪಣೆಯಿಲ್ಲದೆ ನೇಟಾಲದ ಗಡಿಯನ್ನು ದಾಟಿ ಟ್ರಾನ್ಸ್‌ವಾಲಿಗೆ ನಡೆದರು. ಅಲ್ಲಿಯ ಕಾಯದೆಯ ದೃಷ್ಟಿಯಿಂದ ಅವರೆಲ್ಲರೂ ಅಕ್ರಮ ಪ್ರವೇಶಿಗಳು. ಭಾರತದ ದೃಷ್ಟಿಯಿಂದ ಸತ್ಯಾಗ್ರಹಿಗಳು. ಭಾರತದಲ್ಲೆಲ್ಲ ಸಭೆಗಳಾದವು, ನಿಧಿಗಳು ಕೂಡಿದವು. 1912ರಲ್ಲಿ ಗೋಖಲೆಯವರು ಸ್ವತಃ ದಕ್ಷಿಣ ಆಫ್ರಿಕಕ್ಕೆ ಹೋಗಿಬಂದರು.

ಇದೇ ವರ್ಷಗಳ ನಡುವಿನ 1911ರಲ್ಲಿ, ಬೆರಳ ಗುರುತನ್ನೂ ಹಾಜರಿಯನ್ನೂ ಹುಟ್ಟಿನ ಮೇಲೆ ಹೇರುವ ಕಾಯದೆಯು ಸ್ವದೇಶದಲ್ಲಿ ಜಾರಿಗೆ ಬಂದಿತು. ಅದಕ್ಕೆ ಅಷ್ಟು ದೊಡ್ಡ ಕೂಗು ಏಳಲಿಲ್ಲ. ಟ್ರಾನ್ಸ್‌ವಾಲಿನ ವರ್ತಕನಿಗೆ ಅವಮಾನವಾದದ್ದು ಹುಬ್ಬಳ್ಳಿಯ ವಸಾಹತಿನ ಕೂಲಿಗೆ ಅವಮಾನವೆಂದು ಓದುಬರಹ ಬಲ್ಲವರಿಗೆ ತೋರಲಿಲ್ಲ. ಲೋಕಚರ್ಚೆಯೆಂಬದು ಕಾಯದೆಯ ಕಾಠಿಣ್ಯವನ್ನು ಮಾತ್ರ ಅನುಸರಿಸಿ ಹುಟ್ಟುವದಿಲ್ಲ; ಅದು ಯಾರ ಮೇಲೆ ಬೀಳುತ್ತದೆಂಬದನ್ನು ನೋಡಿಕೊಂಡು ಹುಟ್ಟುತ್ತದೆ. ಈ ಸೀಮೆಯ ಇತಿಹಾಸವು ಕಲಿಸುವ ಮೊದಲನೆಯ ಪಾಠವಿದು, ಕಹಿಯಾದರೂ ನಿಜ.

ಸಂಸ್ಥಾನಗಳ ಗಡಿಯ ಪ್ರಶ್ನೆಯು ರಾಜಕೀಯವಾದೊಡನೆ ಸ್ಥಿತಿಯು ಬದಲಾಯಿತು. ಸಂಸ್ಥಾನಿಕರ ವಿರುದ್ಧ ಖಾಲಸಾ ಪ್ರದೇಶದ ಪತ್ರಿಕೆಗಳಲ್ಲಿ ಬರೆಯುವದನ್ನು ತಡೆಯುವ ಮಸೂದೆಯನ್ನು 1922ರಲ್ಲಿ ಕೇಂದ್ರ ಶಾಸನಸಭೆಯು ಮಂಡನೆಗೇ ಅನುಮತಿ ಕೊಡದೆ ತಿರಸ್ಕರಿಸಿತು. ವಾಯಸರಾಯ ರೀಡಿಂಗರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಕಾಯದೆ ಮಾಡಿದರು. 1934ರ ಸಂಸ್ಥಾನ ಸಂರಕ್ಷಣ ಕಾಯದೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಸ್ಥಾನದ ನೆಲವನ್ನು ಪ್ರವೇಶಿಸುವ ಉದ್ದೇಶದಿಂದ ಗುಂಪು ಕೂಡುವದನ್ನು ಜಿಲ್ಹಾ ಮ್ಯಾಜಿಸ್ಟ್ರೇಟನು ನಿಷೇಧಿಸಬಹುದೆಂದಿತು. ನವಲಗುಂದ ತಾಲೂಕಿನ ಕಾರ್ಯಕರ್ತನು ರಾಮದುರ್ಗದ ಪ್ರಜೆಗಳ ಸಭೆಗೆ ಹತ್ತು ಜನರನ್ನು ಕರೆದುಕೊಂಡು ಹೊರಡುವದು ಹೀಗೆ ಗಡಿಯ ಅಪರಾಧವಾಗಬಲ್ಲದಾಯಿತು. 1939ರ ಏಪ್ರಿಲ 7ರಂದು ರಾಮದುರ್ಗದಲ್ಲಿ ನಡೆದ ರಕ್ತಪಾತವು ಗೆರೆಯ ಎರಡೂ ಕಡೆಯವರ ಮನಸ್ಸನ್ನು ಕಲಕಿತು. ಗೆರೆಯಾಚೆಯವನೂ ನಮ್ಮವನೇ ಎಂಬ ಮಾತನ್ನು ಏಕೀಕರಣದ ಚಳವಳಿಯು ಮನೆಮನೆಗೆ ಮುಟ್ಟಿಸಿತು. ಗುನ್ಹೆಗಾರ ಜಾತಿಗಳ ಕಾಯದೆಯ ವಿಷಯದಲ್ಲಿಯೂ ಹೊಸ ದೃಷ್ಟಿ ಮೂಡಿತು. 1936ರಲ್ಲಿ ಜವಾಹರಲಾಲ ನೆಹರೂ ಅವರು ನೆಲ್ಲೂರಿನಲ್ಲಿ ಅದನ್ನು ನಾಗರಿಕ ಸ್ವಾತಂತ್ರ್ಯದ ನಿರಾಕರಣೆಯೆಂದು ಖಂಡಿಸಿದರು. ಮುಂಬಯಿಯಲ್ಲಿ ಖೇರ ಮಂತ್ರಿಮಂಡಲದ ಕಾಲಕ್ಕೆ ಮುನ್ಶಿಯವರ ಸಮಿತಿಯು ಕಾಯದೆಯ ವಿಚಾರಣೆ ನಡೆಸಿತು.

1947-48ರಲ್ಲಿ ಗಡಿಯ ಅರ್ಥವು ಬೇರೊಂದು ರೀತಿಯಲ್ಲಿ ಪರೀಕ್ಷೆಗೆ ಒಳಗಾಯಿತು. ನಿಜಾಮನ ರಾಜ್ಯದಲ್ಲಿ ರಜಾಕಾರರ ಹಾವಳಿಯು ಹೆಚ್ಚಿದಾಗ ಕೊಪ್ಪಳ, ರಾಯಚೂರ ಕಡೆಯ ಕನ್ನಡಿಗರು ಗಡಿಯನ್ನು ದಾಟಿ ಧಾರವಾಡ ಜಿಲ್ಹೆಗೆ ಬಂದರು. ಆಗ ಇದೇ ಜಿಲ್ಹೆಯಲ್ಲಿದ್ದ ಮುಂಡರಗಿ, ಗಜೇಂದ್ರಗಡಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಪುಂಡಲೀಕಪ್ಪ ಜ್ಞಾನಮೋಠೆ ಮೊದಲಾದವರ ಶಿಬಿರಗಳು ನಡೆದವು. ಹೀಗೆ ಬಂದವರನ್ನು ಜನರು ಅಕ್ರಮ ಪ್ರವೇಶಿಗಳೆಂದು ಕಾಣಲಿಲ್ಲ, ಅನ್ನ ಹಾಕಿದರು. 1948ರ ಮಾರ್ಚ 8ರಂದು ಜಮಖಂಡಿ ಮೊದಲಾದ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಕುಂದಗೋಳವು ಧಾರವಾಡ ಜಿಲ್ಹೆಗೆ ಸೇರಿತು. ಸಪ್ಟಂಬರದಲ್ಲಿ ಹೈದರಾಬಾದದ ಗೆರೆಯೂ ಅಳಿಸಿತು. ನಿನ್ನೆಯ ಪರದೇಶಿಯು ಇಂದು ಸ್ವದೇಶಿಯಾದದ್ದು ಅವನಲ್ಲಿ ಯಾವ ಬದಲಾವಣೆಯೂ ಆದದ್ದರಿಂದಲ್ಲ. ಮುಂಬಯಿ ಸರಕಾರವು 1949ರಲ್ಲಿ ಗುನ್ಹೆಗಾರ ಜಾತಿಗಳ ಕಾಯದೆಯನ್ನು ತೆಗೆದುಹಾಕಿತು. 1952ರ ಅಗಸ್ಟ 31ರಿಂದ ಅದು ದೇಶದಲ್ಲೆಲ್ಲ ರದ್ದಾಯಿತು. ಅದರ ಸ್ಥಾನಕ್ಕೆ ಬಂದ ರೂಢಿಗತ ಗುನ್ಹೆಗಾರರ ಕಾಯದೆಗಳು ಜಾತಿಯನ್ನು ಬಿಟ್ಟು, ಸಾಬೀತಾದ ಗುನ್ಹೆಯನ್ನು ಆಧಾರ ಮಾಡಿಕೊಂಡವು. ತತ್ತ್ವದಲ್ಲಿ ಇದು ದೊಡ್ಡ ಪಲ್ಲಟ. ಹಳೆಯ ಸಂಶಯವು ಮಾತ್ರ ಬೇಗನೆ ಸಾಯಲಿಲ್ಲ. ಆ ಜನಾಂಗಗಳನ್ನು ಹುಟ್ಟುಗುನ್ಹೆಗಾರರಂತೆ ಕಾಣುವ ಜೈಲು ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರ 3ರಂದು ಹೇಳಬೇಕಾಯಿತು.

ಒಳಗಿನ ಗೆರೆಗಳು ಅಳಿಸುತ್ತಿರುವಾಗಲೇ ಹೊಸದೊಂದು ಗೆರೆಯು ಎದ್ದಿತು. ಪಶ್ಚಿಮ ಪಾಕಿಸ್ತಾನದಿಂದ ಬರುವವರು 1948ರ ಜುಲೈ 19ರಿಂದ ಪರವಾನಿಗೆಯನ್ನು ತರಬೇಕಾಯಿತು. 1949ರಲ್ಲಿ ಅದಕ್ಕೆ ಪೂರ್ಣ ಕಾಯದೆಯ ರೂಪ ಬಂದಿತು. ಪರವಾನಿಗೆಯಿಲ್ಲದೆ ಬಂದನೆಂಬ ‘ಸಂಶಯ’ವಿದ್ದರೂ ಸಾಕು, ಅಂತಹವನನ್ನು ದೇಶದಿಂದ ಹೊರಹಾಕಬಹುದೆಂದು ಅದರ 7ನೆಯ ಕಲಮು ಹೇಳಿತು. ಧಾರವಾಡವು ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯದಿಂದಲೇ ಹೋದ ಇಬ್ರಾಹೀಂ ವಜೀರ ಮಾವತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರ ಫೆಬ್ರುವರಿ 15ರಂದು ಬಹುಮತದಿಂದ ತೀರ್ಪಿತ್ತಿತು. ಭಾರತದ ನಾಗರಿಕನನ್ನು ಕೇವಲ ಸಂಶಯದ ಮೇಲೆ, ಅವನ ಮಾತನ್ನು ಕೇಳದೆ, ಸ್ವಂತ ದೇಶದಿಂದ ಹೊರಹಾಕುವದು ಸಲ್ಲದು. ನಾಗರಿಕರ ಮಟ್ಟಿಗೆ ಆ ಕಲಮು ಅಸಿಂಧು ಎಂಬದು ಅದರ ಸಾರ. ಪರವಾನಿಗೆ ಕೇಳುವ ಹಕ್ಕನ್ನು ನ್ಯಾಯಾಲಯವು ಅಲ್ಲಗಳೆಯಲಿಲ್ಲ. ವಿಚಾರಣೆಯಿಲ್ಲದ ಗಡೀಪಾರನ್ನು ಅಲ್ಲಗಳೆಯಿತು. ಹಳೆಯ ಕಾಯದೆಯು ಮುಚ್ಚಿದ್ದ ನ್ಯಾಯಾಲಯದ ಬಾಗಿಲು ಹೀಗೆ ತೆರೆಯಿತು.

ಎರಡನೆಯ ಪ್ರಶ್ನೆಯಾದ ಸಾಬೀತಿನ ಭಾರವು ಮಾತ್ರ ಇನ್ನೂ ಚರ್ಚೆಯಲ್ಲಿದೆ. 1946ರ ಪರದೇಶಿಗಳ ಕಾಯದೆಯ 9ನೆಯ ಕಲಮು ತಾನು ಪರದೇಶಿಯಲ್ಲವೆಂದು ಸಿದ್ಧಪಡಿಸುವ ಹೊಣೆಯನ್ನು ಆಯಾ ಮನುಷ್ಯನ ಮೇಲೆಯೇ ಹೊರಿಸಿತು. 2025ರ ಸಪ್ಟಂಬರ 1ರಿಂದ ಜಾರಿಗೆ ಬಂದಿರುವ ವಲಸೆ ಹಾಗೂ ವಿದೇಶೀಯರ ಕಾಯದೆಯು ಹಳೆಯ ನಾಲ್ಕು ಕಾಯದೆಗಳನ್ನು ತೆಗೆದುಹಾಕಿದರೂ ಈ ಹೊಣೆಯನ್ನು ಹಾಗೆಯೇ ಉಳಿಸಿಕೊಂಡಿದೆ. ರಹದಾರಿಯಿಲ್ಲದೆ ಬಂದವನಿಗೆ ಐದು ವರ್ಷದವರೆಗಿನ ಸೆರೆ, ಐದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ದೇಶದ ಭದ್ರತೆಗೆ ಇದು ಬೇಕೆನ್ನುವವರಿಗೆ ಬಲವಾದ ಕಾರಣವಿದೆ: ಒಬ್ಬನ ಹುಟ್ಟೂರಿನ ಸಂಗತಿಯು ಅವನಿಗೆ ತಿಳಿದಿರುವಷ್ಟು ಸರಕಾರಕ್ಕೆ ತಿಳಿದಿರಲಾರದು. ಎದುರು ಪಕ್ಷದವರ ಕಾರಣವೂ ಬಲವಾದದ್ದೇ: ಹುಟ್ಟಿದ ದಾಖಲೆಯೇ ಇಲ್ಲದ ಬಡವನಿಗೆ, ಅದರಲ್ಲಿಯೂ ಗುಡಾರದಿಂದ ಗುಡಾರಕ್ಕೆ ಬೆಳೆದವನಿಗೆ, ತನ್ನ ನೆಲವನ್ನು ಕಾಗದದಿಂದ ಸಿದ್ಧಪಡಿಸುವದು ಅಸಾಧ್ಯಪ್ರಾಯವಾದದ್ದು. ಅಮೇರಿಕದಲ್ಲಿಯೂ ಇದೇ ಬಗೆಯ ವಾದವು ನಡೆಯಿತು. ಅರಿಜೋನ ಪ್ರಾಂತವು 2010ರಲ್ಲಿ ಮಾಡಿದ ಕಠಿಣ ವಲಸೆ ಕಾಯದೆಯ ನಾಲ್ಕು ಕಲಮುಗಳು ಪ್ರಶ್ನೆಗೊಳಗಾಗಿ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2012ರ ಜೂನ 25ರಂದು ಮೂರನ್ನು ತಳ್ಳಿಹಾಕಿ, ಪೋಲೀಸರು ತಡೆದವನ ವಾಸದ ಹಕ್ಕನ್ನು ವಿಚಾರಿಸುವ ಒಂದನ್ನು ಉಳಿಸಿತು.

ಅಪ್ಪಣೆಯೂ ಆತಿಥ್ಯವೂ ಒಟ್ಟಿಗೆ ನಡೆಯಬಲ್ಲವೆಂಬದಕ್ಕೆ ಕಲಘಟಗಿಯ ದಕ್ಷಿಣಕ್ಕಿರುವ ಮುಂಡಗೋಡವು ಉದಾಹರಣೆ. ತಿಬೇಟದ ನಿರಾಶ್ರಿತರಿಗೆ 1966ರಲ್ಲಿ ಅಲ್ಲಿ ನೆಲವು ದೊರೆಯಿತು. ಅವರು ಪರದೇಶೀಯರೆಂದು ಹೆಸರು ನೊಂದಾಯಿಸಿದರು, ಪತ್ರಗಳನ್ನು ಕಾಲಕಾಲಕ್ಕೆ ಹೊಸದು ಮಾಡಿಸಿದರು, ಒಕ್ಕಲುತನ ಮಾಡಿದರು, ಮಠಗಳನ್ನು ಕಟ್ಟಿದರು. ಅವರ ಮಕ್ಕಳ ಸ್ಥಿತಿಯೇನೆಂಬ ಪ್ರಶ್ನೆಯು ಎದ್ದಾಗ, 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ತಿಬೇಟೀಯರು ಹುಟ್ಟಿನಿಂದಲೇ ನಾಗರಿಕರೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ತೀ‌ರ್ಮಾನಿಸಿತು. ಇಲ್ಲಿ ದಾಖಲೆಯಿತ್ತು, ನಿಯಮವಿತ್ತು, ನ್ಯಾಯಾಲಯವೂ ಇತ್ತು. ಹುಟ್ಟನ್ನು ದೋಷವೆಂದೆಣಿಸುವದು ಮಾತ್ರ ಇರಲಿಲ್ಲ.

ಮೇಲಿನ ವಿಚಾರದಿಂದ ನಿಷ್ಪನ್ನವಾಗುವದಿಷ್ಟು. ಗಡಿಯನ್ನು ಕಾಯುವದು ರಾಜ್ಯದ ಧರ್ಮ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಧಾರವಾಡ ಸೀಮೆಯಲ್ಲಿ ಒಂದು ತಲೆಮಾರಿನವರು ಕಂಡ ಗಡಿಯನ್ನು ಮುಂದಿನ ತಲೆಮಾರಿನವರು ಕಾಣಲಿಲ್ಲ. ಒಂದು ಕಾಯದೆಯು ಹುಟ್ಟುಗುನ್ಹೆಗಾರನೆಂದವನನ್ನು ಇನ್ನೊಂದು ಕಾಯದೆಯು ಸರಿಸಮಾನ ನಾಗರಿಕನೆಂದಿತು. ಹೀಗಿರಲು ಕಾಯದೆಯ ಕಾಠಿಣ್ಯವನ್ನು ಅಳೆಯತಕ್ಕದ್ದು ಶಿಕ್ಷೆಯ ವರ್ಷಗಳಿಂದಲ್ಲ. ಅದು ಮನುಷ್ಯನ ಕೆಲಸವನ್ನು ನೋಡುತ್ತದೆಯೋ ಹುಟ್ಟನ್ನು ನೋಡುತ್ತದೆಯೋ, ಅವನ ಮಾತನ್ನು ಕೇಳುತ್ತದೆಯೋ ಇಲ್ಲವೋ, ನ್ಯಾಯಾಧೀಶನ ಮುಂದೆ ನಿಲ್ಲಗೊಡುತ್ತದೆಯೋ ಇಲ್ಲವೋ ಎಂಬದರಿಂದ ಅಳೆಯತಕ್ಕದ್ದು. ಜೋಹಾನ್ಸಬರ್ಗಿನಲ್ಲಿ ಕೇಳಿದ ಈ ಅಳತೆಗೋಲನ್ನು ಹುಬ್ಬಳ್ಳಿಯಲ್ಲಿ ಕೈಗೆತ್ತಿಕೊಳ್ಳಲು ಸುಮಾರು ನಾಲ್ವತ್ತು ವರ್ಷಗಳು ಹಿಡಿದವು. ಆ ವಿಳಂಬದ ಬೆಲೆಯನ್ನು ತೆತ್ತವರು ಚರ್ಚೆ ಮಾಡಿದವರಲ್ಲ. ದಿನದಿನವೂ ಹಾಜರಿಗೆ ನಿಂತವರು.